ಹನ್ನೆರಡು ಇಪ್ಪತ್ತರ ವಿಮಾನ

ಡೇರಿಯಲ್ಲಿ ಹಾಲು ಅಳೆಯುವ ಅವಳನ್ನು ಎಲ್ಲರೂ ಹಾಲಿನಕ್ಕ ಎನ್ನುತ್ತಿದ್ದರು. ಅವಳ ದಿನಕ್ಕೆ ಎರಡೇ ಹೊತ್ತು: ಬೆಳಗಿನ ಹಾಲು, ಸಂಜೆಯ ಹಾಲು. ಕರು ಹುಟ್ಟಿದ ತಾರೀಖು ಬರೆಯುವ ಪುಸ್ತಕವೂ ಅವಳ ಬಳಿಯೇ ಇತ್ತು. ನಡುರಾತ್ರಿ ಕಳೆದು ಹುಟ್ಟಿದ ಕರುವಿಗೂ ಹಿಂದಿನ ದಿನದ ತಾರೀಖನ್ನೇ ಹಾಕುತ್ತಿದ್ದಳು. ಕೋಳಿ ಕೂಗುವ ತನಕ ಅವಳಿಗೆ ಅದೇ ದಿನ. ಇಪ್ಪತ್ತು ವರ್ಷದಲ್ಲಿ ಯಾವ ಕರುವೂ ತಕರಾರು ತೆಗೆದಿರಲಿಲ್ಲ.

ಅವ್ವ ಹಾಸಿಗೆ ಹಿಡಿದು ತಿಂಗಳಾಗಿತ್ತು. ಹನ್ನೆರಡನೇ ತಾರೀಖು ಡಾಕ್ಟರು ಹೊರಗೆ ಕರೆದು, "ಬರೋರಿದ್ರೆ ಬೇಗ ಕರೆಸಿ. ಮೂರು ದಿನ, ಹೆಚ್ಚಂದ್ರೆ ನಾಲ್ಕು" ಎಂದರು. ಬರಬೇಕಾದವನು ತಮ್ಮನೊಬ್ಬನೇ. ಕಡಲಾಚೆಯ ದೊಡ್ಡದೊಂದು ಕೊಟ್ಟಿಗೆಯಲ್ಲಿ ಹಾಲು ಕರೆಯುವ ಕೆಲಸ ಅವನದು.

"ಹದಿನಾಲ್ಕರ ಸಂಜೆ ಹಾಲು ಕರೆದ ಮೇಲೇ ಬಿಡ್ತಾರಂತೆ ಅಕ್ಕ," ಎಂದ ಫೋನಿನಲ್ಲಿ. "ವಿಮಾನದ ಜಾಗಕ್ಕೆ ನಾಲ್ಕು ಗಂಟೆ ದಾರಿ. ನಡುರಾತ್ರಿ ಹೊತ್ತಿಂದು ನೋಡಿ ನೀನೇ ಟಿಕೆಟ್ ಮಾಡಿಸು. ನನಗಿಲ್ಲಿ ಕೈ ತೊಳೆಯೋಕೂ ಪುರಸೊತ್ತಿಲ್ಲ."

ಟಿಕೆಟಿನ ಅಂಗಡಿಯವನು ಬೆಳಿಗ್ಗೆ ಆರರದ್ದು ತೋರಿಸಿದ, ರಾತ್ರಿ ಎಂಟರದ್ದು ತೋರಿಸಿದ. ಎರಡಕ್ಕೂ ಅವಳು ಬೇಡವೆಂದು ತಲೆಯಾಡಿಸಿದಳು.

"ನಿಮ್ಮ ತಮ್ಮ ಏನಮ್ಮ, ಗೂಬೆಯಾ? ನಡುರಾತ್ರಿನೇ ಬೇಕು ಅಂತೀರಲ್ಲ."

"ಗೂಬೆಗಾದ್ರೂ ಹಗಲು ನಿದ್ದೆ ಇರುತ್ತೆ. ಅವನಿಗೆ ಅದೂ ಇಲ್ಲ. ನೋಡಪ್ಪ."

"ಹನ್ನೆರಡು ಇಪ್ಪತ್ತಕ್ಕೆ ಒಂದಿದೆ. ಹದಿನಾಲ್ಕಕ್ಕೂ ಸೀಟಿದೆ, ಹದಿನೈದಕ್ಕೂ ಇದೆ. ಯಾವುದು ಹಾಕ್ಲಿ?"

"ಹದಿನಾಲ್ಕರದ್ದೇ," ಎಂದಳು ಹಾಲಿನಕ್ಕ. "ಒಂದು ದಿನ ಹೆಚ್ಚುಕಮ್ಮಿ ಆದ್ರೂ ನಮಗೆ ಕಷ್ಟ."

ಟಿಕೆಟು ತಮ್ಮನ ಫೋನಿಗೆ ಹೋಯಿತು. ಅವನೂ ಅಕ್ಕನ ಕೊಟ್ಟಿಗೆಯಲ್ಲೇ ಬೆಳೆದವನು. ನೋಡಿದ, ಸರಿಯಾಗಿಯೇ ಕಂಡಿತು.

"ಹದಿನೈದರ ಮಧ್ಯಾಹ್ನಕ್ಕೆ ಬರ್ತಾನವ್ವ."

"ಕರೆಯೋದು ಮುಗಿಸೇ ಬರಲಿ," ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ. "ಕೆಚ್ಚಲು ಬಿಗಿದ ಹಸು ಬಿಟ್ಟು ಬರಬಾರದು. ನಾನು ಎಲ್ಲಿಗೆ ಓಡಿಹೋಗ್ತೀನಿ?"

ಹದಿನಾಲ್ಕರ ರಾತ್ರಿ ಫೋನು ಬಂತು. "ಅಕ್ಕ, ನನ್ನ ವಿಮಾನ ನಿನ್ನೆ ರಾತ್ರಿನೇ ಹೋಯ್ತಂತೆ. ಹನ್ನೆರಡು ಹೊಡೆದ ಕೂಡಲೇ ತಾರೀಖು ಬದಲಾಗುತ್ತಂತೆ. ಈಗ ಹೊರಡೋದು ಹದಿನೈದರದ್ದು, ಅದು ಭರ್ತಿ. ಇನ್ನು ಸಿಗೋದು ನಾಡಿದ್ದು ರಾತ್ರಿದು."

ಅವಳು ಗೋಡೆಗೆ ಒರಗಿ ನಿಂತಳು. ಯಾರನ್ನಾದರೂ ಬೈಯಬೇಕೆನ್ನಿಸಿತು. ಆದರೆ ಅಂಗಡಿಯವನು ಎರಡೂ ತಾರೀಖು ಮುಂದಿಟ್ಟು ಕೇಳಿಯೇ ಕೇಳಿದ್ದ.

ಮರುದಿನ ಮಧ್ಯಾಹ್ನ ಅವ್ವ ಬಾಗಿಲ ಕಡೆ ಮುಖ ತಿರುಗಿಸಿದಳು. "ಬಂದನಾ?"

"ವಿಮಾನ ತಡವಂತೆ."

"ಅದೇನು ಎತ್ತಿನ ಗಾಡಿಯಾ, ತಡ ಆಗೋಕೆ?"

ಅದೇ ಅವಳ ಕೊನೆಯ ಮಾತು. ಸಂಜೆಗೆ ಗಂಟಲಲ್ಲಿ ಗೊರಗೊರ ಶುರುವಾಯಿತು. ಆ ರಾತ್ರಿ ಗೋಡೆಯ ಗಡಿಯಾರ ಹನ್ನೆರಡು ನಲವತ್ತು ತೋರಿಸುತ್ತಿದ್ದಾಗ ಅದೂ ನಿಂತಿತು.

ಸಾವು ಬರೆಸಿಕೊಳ್ಳುವ ಕಚೇರಿಯಲ್ಲಿ ಗುಮಾಸ್ತ ಕೇಳಿದ, "ತೀರಿಕೊಂಡಿದ್ದು ಯಾವತ್ತಮ್ಮ?"

"ಹನ್ನೆರಡು ಹೊಡೆದು ನಲವತ್ತು ನಿಮಿಷ ಆಗಿತ್ತು. ಹದಿನಾರು ಅಂತ ಬರೀರಿ."

"ಈ ಹೊತ್ತಿನ ಸಾವಿಗೆ ಎಲ್ಲರೂ ಹಿಂದಿನ ತಾರೀಖೇ ಹೇಳೋದು," ಎಂದ ಗುಮಾಸ್ತ, ಮೆಚ್ಚಿಕೊಂಡು. "ನೀವು ಲೆಕ್ಕದಲ್ಲಿ ಗಟ್ಟಿ ಬಿಡಿ."

ಅವನು ತೋರಿಸಿದ ಕಡೆ ಹಾಲಿನಕ್ಕ ಸಹಿ ಹಾಕಿದಳು.