ಕ್ರೇನು ಹಿಂದಕ್ಕೆ ಪಡೆದ ಮಾತು

ಕೋರ್ಟಿನಿಂದ ಬಂದವನೇ ಕ್ರೇನು ಚಪ್ಪಲಿ ಬಿಟ್ಟು, ಹೆಂಡತಿಗೆ "ಮುಗೀತು ಕಣೇ, ಒಪ್ಕೊಂಡು ಬಂದೆ" ಎಂದ.

ಮನೆ ಬದಲಾಯಿಸುವವರ ಸಾಮಾನು ಹೊರುವುದು ಅವನ ಕೆಲಸ. ಕಬ್ಬಿಣದ ಬೀರುವನ್ನು ಒಬ್ಬನೇ ಬೆನ್ನಿಗೇರಿಸಿ ಮೆಟ್ಟಿಲು ಹತ್ತುತ್ತಾನೆಂದು ಜೊತೆಯವರು ಕ್ರೇನು ಎಂದೇ ಹೆಸರಿಟ್ಟಿದ್ದರು. ಹೊತ್ತು ಹೊತ್ತು ಬೆನ್ನು ಸವೆದು, ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದ. ಬರುವ ತಿಂಗಳು ಮಾಲೀಕರು ಸಣ್ಣ ವ್ಯಾನು ಕೊಡುವವರಿದ್ದರು.

ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿದಳು. "ಏನಂತ ಒಪ್ಕೊಂಡ್ರಿ?"

"ಕುಡಿದಿದ್ದೆ ಅಂತ. ಕುಡಿದಿದ್ದೆ ತಾನೆ? ಸುಳ್ಳು ಹೇಳೋಕಾಗುತ್ತಾ?"

"ಲಾರಿ ಓಡಿಸಿದ್ರಾ?"

"ಛೇ, ಓಡಿಸಿದ್ದು ಡ್ರೈವರಣ್ಣ!"

ನಡೆದದ್ದು ಇಷ್ಟು. ಸಾಮಾನು ಇಳಿಸಿದ ಮೇಲೆ ಕ್ರೇನು ಸ್ವಲ್ಪ ಹಾಕಿದ್ದ. ವಾಪಸು ಬರುವಾಗ ಡ್ರೈವರ್ ಲಾರಿ ನಿಲ್ಲಿಸಿ, ತಲೆನೋವಿನ ಮಾತ್ರೆ ತರಲು ಇಳಿದ. ಆ ಲಾರಿಯಲ್ಲಿ ಇದ್ದದ್ದೇ ಒಂದು ಫ್ಯಾನು, ಅದೂ ಸ್ಟೇರಿಂಗ್ ಎದುರು. ಡ್ರೈವರ್ ಇಳಿದ ಕೂಡಲೇ ಹೊರುವವನು ಆ ಸೀಟಿಗೆ ಜರುಗಿ ಬೆವರು ಆರಿಸಿಕೊಳ್ಳುವುದು ಅವರಲ್ಲಿ ರೂಢಿ. ಪೊಲೀಸರು ಬಂದಾಗ ಅಲ್ಲಿ ಕೂತಿದ್ದವನು ಕ್ರೇನು. ಊದಿಸಿದರು. ಕುಡಿದು ಓಡಿಸಿದ ಕೇಸು ಬಿತ್ತು.

ಕೀ ಬಿಟ್ಟು ಹೋದದ್ದು ಗೊತ್ತಾದರೆ ಕೆಲಸ ಹೋಗುತ್ತದೆಂದು ಡ್ರೈವರ್ ತುಟಿ ಬಿಚ್ಚಲಿಲ್ಲ. ಮೇಲೆ ಬುದ್ಧಿ ಬೇರೆ ಹೇಳಿದ: "ಹೂಂ ಅಂದ್ಬಿಡೋ. ದಂಡ ಕಟ್ಟಿದ್ರೆ ಆಯ್ತು." ಕೋರ್ಟಿನಲ್ಲಿ ಓದಿ ಹೇಳಿದ್ದರಲ್ಲಿ ಕ್ರೇನು ಹಿಡಿದುಕೊಂಡದ್ದು ಕುಡಿದ ವಿಷಯವನ್ನಷ್ಟೇ. ಕೈಮುಗಿದು ಹೌದೆಂದ.

"ಬೀರು ಹೊರ್ತೀರ ಅಂತ ಕಂಡೋರ ತಪ್ಪನ್ನೂ ಹೊರ್ತೀರಾ?" ಹೆಂಡತಿ ಕಿಡಿಕಾರಿದಳು. "ಲೈಸೆನ್ಸ್ ಹೋದ್ರೆ ವ್ಯಾನು ಯಾರು ಕೊಡ್ತಾರೆ? ಶಿಕ್ಷೆ ಏನಂದ್ರು?"

"ಗುರುವಾರ ಹೇಳ್ತಾರಂತೆ."

"ಹಾಗಾದ್ರೆ ಮುಗಿದಿಲ್ಲ. ಏಳಿ!"

ಕೋರ್ಟಿನ ಹಿಂಬದಿಯಲ್ಲಿ ಉಚಿತ ಕಾನೂನು ನೆರವಿನ ಕೋಣೆಯಿತ್ತು. ಅಲ್ಲಿದ್ದ ವಕೀಲೆ ಎಲ್ಲ ಕೇಳಿಸಿಕೊಂಡರು. ಕ್ರೇನುವಿಗೆ ಮಾತ್ರ ಅಳುಕು. "ಒಂದ್ಸಲ ಹೌದು ಅಂದೋನು ಈಗ ಇಲ್ಲ ಅಂದ್ರೆ ಜಡ್ಜ್ ಸಾಹೇಬ್ರು ಉಗಿಯಲ್ವಾ ಮೇಡಂ?"

"ಯಾಕೆ ಅಂತ ಕೇಳ್ತಾರೆ. ಗಟ್ಟಿ ಕಾರಣ ಇರ್ಬೇಕು. ಶಿಕ್ಷೆ ಆಗೋ ಮುಂಚೆನೇ ಅರ್ಜಿ ಹಾಕ್ಬೇಕು, ತಡ ಆದಷ್ಟೂ ಕಷ್ಟ. ಒಪ್ಪೋದು ಬಿಡೋದು ಅವರಿಗೆ ಸೇರಿದ್ದು." ವಕೀಲೆ ಅವನನ್ನೇ ದಿಟ್ಟಿಸಿದರು. "ಕುಡಿದು ಓಡಿಸಿದೋರು ನುಣುಚಿಕೊಳ್ಳೋ ದಾರಿ ಅಲ್ಲ ಇದು. ನಿಜ ಹೇಳಿ, ಓಡಿಸಿದ್ರಾ?"

"ಇಲ್ಲ." ಈ ಸಲ ಅವನು ಕೈಮುಗಿಯಲಿಲ್ಲ.

"ಸರಿ. ಇನ್ಮೇಲೆ ಕುಡಿದು ಆ ಸೀಟಿಗೆ ಹೋಗ್ಲೇಬೇಡಿ, ಗಾಡಿ ನಿಂತಿದ್ರೂ. ನೋಡಿದೋರು ಯಾರಾದ್ರೂ ಇದ್ರೆ ಕರ್ಕೊಂಡ್ಬನ್ನಿ."

ಕ್ರೇನು ಅಲ್ಲಿಂದ ನೇರ ಲಾರಿ ಶೆಡ್ಡಿಗೇ ಹೋದ. ಡ್ರೈವರ್ ಟೈರಿಗೆ ಗಾಳಿ ತುಂಬುತ್ತಿದ್ದ. ಕೋರ್ಟಿಗೆ ಬಂದು ನಡೆದದ್ದನ್ನು ಹೇಳು ಎಂದು ಅವನನ್ನು ಕೇಳಿದ.

"ನನ್ ಹೊಟ್ಟೆ ಮೇಲೆ ಹೊಡೀಬೇಡ್ವೋ," ಎಂದು ಡ್ರೈವರ್ ಗೋಗರೆದ.

"ನನಗೂ ಹೊಟ್ಟೆ ಇದೆ ಅಣ್ಣಾ. ನೀನು ಬಂದ್ರೂ ಸರಿ, ಬರದಿದ್ರೂ ಸರಿ. ನಡೆದದ್ದನ್ನ ನಾನು ಹೇಳೇ ಹೇಳ್ತೀನಿ."

ಗುರುವಾರ ಕೋರ್ಟಿನ ಬಾಗಿಲಲ್ಲಿ ಡ್ರೈವರ್ ನಿಂತಿದ್ದ, ಮುಖ ಸಪ್ಪಗೆ ಮಾಡಿಕೊಂಡು. ಹೆಂಡತಿ, "ಬಂದ್ರಲ್ಲ, ಅಷ್ಟು ಸಾಕು" ಎಂದಳು.

ನ್ಯಾಯಾಧೀಶರು ಅರ್ಜಿಯಿಂದ ಕಣ್ಣೆತ್ತಿದರು. "ಮೊನ್ನೆ ಒಪ್ಕೊಂಡಿದ್ರಲ್ಲ?"

ಕ್ರೇನು ತಲೆ ತಗ್ಗಿಸಲಿಲ್ಲ. "ಕುಡಿದದ್ದು ಹೌದು ಸ್ವಾಮಿ, ಓಡಿಸಿದ್ದು ಇಲ್ಲ. ಕೇಸು ಓಡಿಸಿದ್ದಕ್ಕೆ ಅಂತ ಅವತ್ತು ತಿಳೀಲಿಲ್ಲ. ತಿರುಗಿ ಕೇಳೋಕೆ ಧೈರ್ಯ ಬರ್ಲಿಲ್ಲ."

ಅವರು ಡ್ರೈವರನ ಮಾತನ್ನೂ ಕೇಳಿದರು. ಕೊನೆಗೆ, ತಪ್ಪೊಪ್ಪಿಗೆ ಹಿಂದಕ್ಕೆ ಪಡೆಯಲು ಅನುಮತಿ ಕೊಟ್ಟರು.

"ಗೆದ್ವಾ ಮೇಡಂ?" ಹೊರಗೆ ಬಂದು ಹೆಂಡತಿ ಕೇಳಿದಳು.

"ಇನ್ನೂ ಇಲ್ಲಮ್ಮ. ಈಗ ವಿಚಾರಣೆ. ಇವರು ಓಡಿಸಿದ್ರು ಅಂತ ಪೊಲೀಸ್ನೋರು ಸಾಬೀತು ಮಾಡ್ಬೇಕು."

"ಮಾಡ್ಲಿ ನೋಡೋಣ," ಎಂದ ಕ್ರೇನು. "ಎಷ್ಟು ಸಲ ಕರೆದ್ರೂ ಬರ್ತೀನಿ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕುಡಿದರೆ ಗಾಡಿ ಮುಟ್ಟಬೇಡಿ. ಮುಟ್ಟಿ ಇನ್ನೊಬ್ಬರ ಮನೆ ಹಾಳು ಮಾಡುವವರ ಪರವಾಗಿ ನಾವು ಒಂದಕ್ಷರವನ್ನೂ ಬರೆಯುವುದಿಲ್ಲ. ಆದರೆ ಮಾಡದ ತಪ್ಪಿಗೆ ಹೂಂ ಅನ್ನಬೇಡಿ. ಬೇಗ ಮುಗಿಯುತ್ತದೆ ಎಂದು ಪುಸಲಾಯಿಸುವವರು ನಿಮ್ಮ ಶಿಕ್ಷೆ ಅನುಭವಿಸಲು ಬರುವುದಿಲ್ಲ. ಆರೋಪ ಏನೆಂದು ಬಿಡಿಸಿ ಹೇಳಿ ಅಂತ ಕೇಳಿ. ಕೇಳುವುದು ಉದ್ಧಟತನವಲ್ಲ, ನಿಮ್ಮ ಹಕ್ಕು. ತಿಳಿಯದೆ ಒಪ್ಪಿಕೊಂಡಾಗಿದೆಯೇ? ಶಿಕ್ಷೆಯಾಗುವ ಮೊದಲೇ ವಕೀಲರ ಬಾಗಿಲು ತಟ್ಟಿ. ಉಚಿತ ನೆರವು ಸಿಗುತ್ತದೆಯೇ ವಿಚಾರಿಸಿ. ಇವತ್ತೇ ಹೋಗಿ.