ಅಪ್ಪನ ಮೇಲಿನ ಚಾಪೆ

ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಮ್ಮೂರ ನೀರಿನ ತೊಟ್ಟಿಗೆ ಮುಖಂಡ ತುಯಿಮಾವು ಅವರ ಉಗ್ರಾಣದಿಂದ ಕಳೆ ಸಾಯಿಸುವ ಔಷಧಿ ಸೋರುತ್ತಿತ್ತು. ಮೂರು ಮಕ್ಕಳು ಹಾಸಿಗೆ ಹಿಡಿದಿದ್ದವು. ನರ್ಸ್ ಹೇಳಿದ್ದನ್ನು, ನಾನೇ ಮೂಸಿ ನೋಡಿದ್ದನ್ನು ನಮ್ಮ ನಾಲ್ಕು ಪುಟದ ವಾರಪತ್ರಿಕೆಯಲ್ಲಿ ಹಾಕಿದೆ. ಸಮೋವಾದ ನಮ್ಮ ದ್ವೀಪದಲ್ಲಿ ಈ ಕಡೆಗಿರುವುದು ಅದೊಂದೇ ಪತ್ರಿಕೆ. ಮರುದಿನದಿಂದಲೇ ಹೆಂಗಸರು ಎರಡು ಮೈಲಿ ನಡೆದು ಊಟೆಯ ನೀರು ತರತೊಡಗಿದರು.

ಮುಖಂಡರ ಸಭೆ ಸೇರಿತು. ಊರಿನ ಮಾನ ಹರಾಜು ಹಾಕಿದ್ದಕ್ಕೆ ನಮ್ಮ ಮನೆಯವರು ಮೂರು ದಿನದಲ್ಲಿ ಊರು ಬಿಡಬೇಕೆಂದು ತೀರ್ಪಾಯಿತು. ತೊಟ್ಟಿಯ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ, ಹೇಡಿಗಳು.

ಮೂರನೆಯ ದಿನ ಬೆಳಗ್ಗೆ ಎದ್ದರೆ ಅಪ್ಪ ಇಲ್ಲ. ಅಜ್ಜಿ ಹೆಣೆದ ನವಿರು ಚಾಪೆಯೂ ಇಲ್ಲ. ಓಡಿದೆ. ತುಯಿಮಾವು ಅವರ ಮನೆಯೆದುರು ಅಪ್ಪ ಮಂಡಿಯೂರಿ, ತಲೆಯ ಮೇಲೆ ಚಾಪೆ ಹೊದ್ದು ಕೂತಿದ್ದರು. ಕೊಲೆ ಮಾಡಿದವನ ಮನೆಯವರು ಸತ್ತವನ ಮನೆಯೆದುರು ಹಾಗೆ ಕೂತು ಕ್ಷಮೆ ಬೇಡಿದ್ದನ್ನು ಚಿಕ್ಕವಳಿದ್ದಾಗ ಕಂಡಿದ್ದೆ. ಕ್ಷಮಿಸಿ ಚಾಪೆ ಎತ್ತುವ ಹಕ್ಕು ನೊಂದ ಮನೆಯವರಿಗೆ ಮಾತ್ರ; ಅವರು ಎತ್ತಿದರೆ ಶಿಕ್ಷೆಯೂ ಅಲ್ಲಿಗೇ ಮುಗಿಯುತ್ತದೆ.

"ಅಪ್ಪಾ, ಏಳಿ. ತಪ್ಪು ಮಾಡಿರೋರು ಅವ್ರು!"

"ಸುಮ್ನಿರೇ ಸಲಫಾಯಿ. ನಿಮ್ಮಮ್ಮನ ಗೋರಿ ಅಂಗಳದಲ್ಲಿದೆ. ಅದನ್ನೂ ಹೊತ್ಕೊಂಡು ಹೋಗ್ತೀಯಾ?"

ಸೂರ್ಯ ನೆತ್ತಿಗೆ ಬಂದ ಮೇಲೆ ತುಯಿಮಾವು ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ನಿಮ್ಮಪ್ಪ ದೊಡ್ಡ ಮನುಷ್ಯ ಕಣಮ್ಮ. ಚಾಪೆ ಎತ್ತೋದು ನನಗೇನು ಭಾರವೇ? ನೀರು ಚೆನ್ನಾಗಿದೆ ಅಂತ ನಿನ್ನ ಕೈಯಾರೆ ಬರಿ, ಸಾಕು."

ಚಾಪೆ ನಡುಗುತ್ತಿತ್ತು. ಅಪ್ಪನಿಗೆ ಎಪ್ಪತ್ತೊಂದು.

"ಬರೀತೀನಿ" ಎಂದೆ.

ತುಯಿಮಾವು ಚಾಪೆ ಎತ್ತಿ ಅಪ್ಪನನ್ನು ತಬ್ಬಿಕೊಂಡರು. ಕೆಸುವಿನ ಗೆಡ್ಡೆ, ಹಂದಿಮಾಂಸ ಬಡಿಸಿದರು.

ನೀರು ಚೆನ್ನಾಗಿದೆ ಎಂಬ ನನ್ನ ಬರಹ ಹೊತ್ತು ಶನಿವಾರ ಪತ್ರಿಕೆ ಬಂತು. ಅಕ್ಕಪಕ್ಕದವರಿಗಾದರೂ ಗುಟ್ಟಾಗಿ ನಿಜ ಹೇಳೋಣವೆಂದು ಎರಡು ಸಲ ಹೊಸ್ತಿಲು ದಾಟಿದೆ. ಮುಖಂಡರ ಕಿವಿಗೆ ಬಿದ್ದರೆ ಅಪ್ಪ ಮತ್ತೆ ಮಂಡಿಯೂರಬೇಕಲ್ಲ ಎಂದು ಹಿಂದಿರುಗಿದೆ. ಊಟೆಯ ದಾರಿಯಲ್ಲಿ ಹೆಂಗಸರು ಕಾಣದಾದರು.

ಎರಡು ವಾರಕ್ಕೆ ಪಕ್ಕದ ಮನೆಯ ಫೆತುವಿನ ನಾಲ್ಕು ವರ್ಷದ ಮಗಳು ತೀರಿಕೊಂಡಳು. ಅವರ ಅಂಗಳದಲ್ಲಿ ಗುಂಡಿ ತೋಡುತ್ತಿದ್ದರು. ಬೈಯಲಿ, ಹೊಡೆಯಲಿ ಎಂದುಕೊಂಡೇ ಹೋದೆ. ಫೆತು ನನ್ನ ಕೈ ಹಿಡಿದುಕೊಂಡಳು.

"ನಂಗೂ ವಾಸನೆ ಬರ್ತಿತ್ತು ಅಕ್ಕಾ. ಆದ್ರೆ ಪೇಪರಲ್ಲಿ ನೀನೇ ಬರ್ದಿದ್ಯಲ್ಲ ಅಂತ ಕುಡಿಸ್ಬಿಟ್ಟೆ."