ಬಂದವರಿಗೆ ಇಟ್ಟ ಸೇಬು

ಶಿರಾಳಕೊಪ್ಪದ ಆ ಬೀದಿಯ ಕೊನೆಯ ಮನೆ ಮಹಾದೇವಮ್ಮನದು. ಗಂಡ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಅಂಗಳ ಗುಡಿಸಿ, ಪೂಜೆ ಮುಗಿಸಿ, ಒಬ್ಬಳಿಗೆಂದು ಎರಡು ರೊಟ್ಟಿ ತಟ್ಟಿದರೆ ದಿನದ ಕೆಲಸ ಮುಗಿಯಿತು. ಸಂತೆಯ ದಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಒಂದಾದರೂ ಅವಳ ಬಾಗಿಲಲ್ಲಿ ನಿಲ್ಲಬೇಕಲ್ಲ! ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸಿಡುಬಿನ ಚುಚ್ಚುಮದ್ದು ಹಾಕಲು ಮನೆಮನೆ ತಿರುಗುತ್ತಿದ್ದ ನರ್ಸ್ ಬಂಗಾರಮ್ಮ ಬಂದಾಗ ಮಹಾದೇವಮ್ಮನಿಗೆ ಹಬ್ಬವೇ ಆಯಿತು.

"ಬರ್ರೀ ನರ್ಸಮ್ಮ, ಕುಂತ್ಕಳ್ರಿ."

ಗೋಡೆಗೆ ಒರಗಿಸಿದ್ದ ಹಿತ್ತಾಳೆಯ ಹೂ ಕೂರಿಸಿದ ಮಣೆಯನ್ನು ಸೆರಗಿನಿಂದ ಒರೆಸಿ ಹಾಕಿದಳು. ಅದು ಬಂದವರಿಗೆಂದೇ ಇದ್ದ ಮಣೆ. ಅವಳು ಕೂರುತ್ತಿದ್ದುದು ಬರೀ ನೆಲದ ಮೇಲೆ. ಆಮೇಲೆ ಏಣಿ ಇಟ್ಟು ಒಲೆಯ ಮೇಲಿನ ಅಟ್ಟಕ್ಕೆ ಹತ್ತಿದಳು. ಬೀಜ, ಬೆಲ್ಲ, ಹುಣಸೆಹಣ್ಣು ಹೊಗೆ ತಾಗಿ ಹುಳ ಹಿಡಿಯದೆ ಉಳಿಯುವ ಜಾಗವದು. ಎರಡು ತಿಂಗಳ ಹಿಂದೆ ಸೊರಬದ ತಮ್ಮ ಸದಾಶಿವಪ್ಪ ಶಿವಮೊಗ್ಗದಿಂದ ತಂದುಕೊಟ್ಟ ನಾಲ್ಕು ಸೇಬುಗಳನ್ನೂ ಅಲ್ಲೇ ಜೋಪಾನ ಮಾಡಿದ್ದಳು. "ಅಕ್ಕಾ, ನೀನೇ ತಿನ್ಬೇಕು" ಎಂದು ಅವನು ಆಣೆ ಮಾಡಿಸಿಕೊಂಡು ಹೋಗಿದ್ದ.

ಒಂದನ್ನು ಕೆಳಗೆ ತಂದು ಈಳಿಗೆಗೆ ಹಿಡಿದರೆ ಸುಕ್ಕುಗಟ್ಟಿದ ಸಿಪ್ಪೆ ಜಾರಿತು. ಒಳಗೆಲ್ಲ ಕಂದು, ಹೊಗೆಯ ವಾಸನೆ. ಮಹಾದೇವಮ್ಮನ ಮುಖ ಸಪ್ಪಗಾಯಿತು.

"ಅಯ್ಯೋ ಶಿವನೇ! ಅಟ್ಟದ ಮ್ಯಾಲೆ ಏನೂ ಕೆಡಲ್ಲ ಅಂದ್ಕೊಂಡಿದ್ದೆ."

"ಅದು ಒಣಗಿದ ಕಾಳಿಗೆ ಸರಿ ಅಮ್ಮಾ, ಹಣ್ಣಿಗಲ್ಲ" ಎಂದಳು ಬಂಗಾರಮ್ಮ. "ಬಿಸಿ ಜಾಗದಾಗೆ ಇಟ್ರೆ ದಿನಾ ಒಂದಿಷ್ಟು ಸತ್ವ ಹೋಗ್ತದೆ. ಮೇಲೆ ಕೆಂಪಗೇ ಕಾಣ್ತದೆ, ಒಳಗಿನ ವಿಟಮಿನ್ ಮಾತ್ರ ಕರಗಿರ್ತದೆ. ತಣ್ಣಗೆ, ನೀರಿನ ಕೊಡದ ಪಕ್ಕ ಇಡ್ರಿ. ಬೇಗ ತಿನ್ರಿ. ಎಲ್ಲಿ, ಬಾಯಿ ತೆಗೀರಿ."

ಮಹಾದೇವಮ್ಮನ ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು.

"ಹಣ್ಣು ತಿನ್ದೇ ಬರೋ ಕಾಯ್ಲೆ ಇದು, ಇದನ್ನ ಇಟ್ಕೊಂಡು ಹಣ್ಣು ಅಟ್ಟಕ್ಕೆ ಹಾಕಿದ್ರಾ? ಸೇಬೇ ಆಗ್ಬೇಕಂತಿಲ್ಲ, ನೆಲ್ಲಿಕಾಯಿ ಪೇರಲಹಣ್ಣು ಇನ್ನೂ ಒಳ್ಳೇವು. ಆದ್ರೆ ತಿನ್ಬೇಕು!"

"ಒಬ್ಳೇ ಕುಂತು ಅಂಥಾ ಹಣ್ಣು ತಿಂದ್ರೆ ಗಂಟಲಾಗೆ ಇಳೀಬೇಕಲ್ಲ ನರ್ಸಮ್ಮ. ಗಂಡ ಸತ್ತೋಳಿಗೆ ಯಾಕೆ ಈ ಚಪಲ ಅಂತ ನಾಕು ಜನ ಆಡ್ಕೊಳ್ಳಲ್ವಾ? ಯಾರಾದ್ರೂ ಬಂದ್ರೆ ಕೊಡೋಣ ಅಂತ ಇಟ್ಟಿದ್ದೆ."

"ಎರಡು ತಿಂಗಳಾಗೆ ಯಾರು ಬಂದ್ರು?"

ಮಹಾದೇವಮ್ಮ ಕಂದಿದ ಹೋಳುಗಳನ್ನು ಒಟ್ಟುಮಾಡತೊಡಗಿದಳು. ಕಣ್ಣು ತುಂಬಿಕೊಂಡವು. ಕೇಳಬಾರದಿತ್ತು ಎನಿಸಿ ಬಂಗಾರಮ್ಮ ಅವಳ ಕೈ ಹಿಡಿದುಕೊಂಡಳು. ಆದರೆ ಚುಚ್ಚುಮದ್ದು ಹಾಕಲು ಇನ್ನೂ ಮೂವತ್ತು ಮನೆ ಬಾಕಿ ಇದ್ದವು; ಎದ್ದು ಹೊರಟಳು.

ಮುಂದಿನ ತಿಂಗಳು ಸದಾಶಿವಪ್ಪ ಮತ್ತೆ ಮೂರು ಸೇಬು ತಂದ. ಒಂದು ಲೋಟ ಮಜ್ಜಿಗೆ ಕುಡಿದು ಅದೇ ಬಸ್ಸಿಗೆ ಹೊರಟ. ಬಸ್ಸಿನ ಧೂಳು ಅಡಗುವವರೆಗೆ ಮಹಾದೇವಮ್ಮ ಬಾಗಿಲಲ್ಲೇ ನಿಂತಿದ್ದಳು. ಬೀದಿಯಲ್ಲಿ ಯಾರೂ ಇರಲಿಲ್ಲ.

ಒಳಗೆ ಬಂದು ಎರಡು ಹಣ್ಣನ್ನು ನೀರಿನ ಕೊಡದ ಪಕ್ಕದ ತಣ್ಣನೆಯ ಮರಳಿನಲ್ಲಿ ಇಟ್ಟಳು. ಮೂರನೆಯದನ್ನು ತೊಳೆದು, ಸಿಪ್ಪೆಯ ಸಮೇತ ಹೋಳು ಮಾಡಿ ತಟ್ಟೆಗೆ ಹಾಕಿದಳು. ಗೋಡೆಗೆ ಒರಗಿದ್ದ ಮಣೆಯನ್ನು ಒರೆಸಿ ಹಾಸಿ, ಅದರ ಮೇಲೆ ಕೂತಳು. ಯಾರೋ ನೋಡಿದರೇನೋ ಎಂದು ಒಮ್ಮೆ ಎದ್ದಳು, ಮತ್ತೆ ಕೂತಳು.

ಕೈ ತಟ್ಟೆಗೆ ಹೋಗಲೊಲ್ಲದು. ಗಂಡ ಇದ್ದಾಗ ಮನೆಗೆ ಬಂದವರಿಗೆ ಹೇಳುತ್ತಿದ್ದ ಮಾತನ್ನೇ ಆಗ ಮೆಲ್ಲಗೆ, ತನಗೇ ಹೇಳಿಕೊಂಡಳು:

"ತಗಳ್ರಿ, ನಾಚ್ಕೋಬ್ಯಾಡ್ರಿ."